ಗಾಡಿಯ ನಡುಕ ಮತ್ತು ಅದರ ನಿದಾನ

ಹಿಂದಿನ ಕಾಲದ ಗೃಹಸ್ಥನಿಗೆ ಎತ್ತು, ಹಸು, ಬಾವಿಯ ಹಗ್ಗ, ಮಾಡಿನ ಹೆಂಚು ಇವುಗಳ ಯೋಗಕ್ಷೇಮ ತಿಳಿದಿದ್ದರೆ ಸಂಸಾರವು ಸಾಗುತ್ತಿತ್ತು. ಈಗ ಎತ್ತನ್ನು ಕಟ್ಟುತ್ತಿದ್ದ ಸ್ಥಳದಲ್ಲಿ ಕಾರು ನಿಂತಿದೆ. ಎತ್ತು ಕುಂಟಿದರೆ ನಾಲ್ಕು ಹೆಜ್ಜೆ ನಡೆಯಿಸಿ ನೋಡಿ, ನೋವು ಯಾವ ಕಾಲಿನಲ್ಲಿರುವುದೆಂದು ಹೇಳುತ್ತಿದ್ದ ಯಜಮಾನನ ಮೊಮ್ಮಗನು, ಕಾರು ನಡುಗಿದರೆ ದೋಷವು ಯಾವ ಚಕ್ರದಲ್ಲಿರುವುದೆಂದು ತಿಳಿಯಲಾರದೆ ಕಂಗಾಲಾಗುತ್ತಾನೆ. ಆದರೆ ಇದು ತಿಳಿಯಲಾಗದಷ್ಟು ಗಹನವಾದ ವಿದ್ಯೆಯೇನೂ ಅಲ್ಲ. ಅಜ್ಜನಿಗಿದ್ದ ತಾಳ್ಮೆಯೂ ನೋಡುವ ಕಣ್ಣೂ ಮೊಮ್ಮಗನಿಗೆ ಇದ್ದರೆ ಸಾಕು.

ಈ ತಿಂಗಳು ಅಂಥದೊಂದು ವಿಷಯವನ್ನು ವಾಚಕರ ಮುಂದಿಡುತ್ತೇನೆ. “ಕಾರಿನ ಬ್ರೇಕುಗಳನ್ನು ರಿಪೇರಿ ಮಾಡಿಸಿದೆವು. ಊರೊಳಗೆ ಎಲ್ಲವೂ ಸರಿಯಾಗಿದೆ. ಹೆದ್ದಾರಿಯಲ್ಲಿ ಗಂಟೆಗೆ 80 ಕಿಲೋಮೀಟರಿನ ವೇಗವನ್ನು ದಾಟಿದ ಕೂಡಲೆ ಸ್ಟೀರಿಂಗು ಕೈಯಲ್ಲಿ ನಡುಗುವುದು. ಕಾರಣವೇನು?” ಎಂಬ ಪ್ರಶ್ನೆಯು ನಮ್ಮ ಮನೆಗಳಲ್ಲಿ ಮೇಲಿಂದ ಮೇಲೆ ಕೇಳಿಬರುತ್ತಿದೆ. ಕೇಳಿದವರೇ ಉತ್ತರವನ್ನೂ ಹೇಳಿಬಿಡುವರು: “ಇನ್ನೇನು, ಬ್ರೇಕಿನ ಕೆಲಸ ಮಾಡಿದವನು ಕೆಡಿಸಿರುವನು!” ಈ ಉತ್ತರವು ಕೆಲವು ವೇಳೆ ನಿಜ, ಕೆಲವು ವೇಳೆ ಅರ್ಧ ನಿಜ, ಕೆಲವು ವೇಳೆ ಶುದ್ಧ ಸುಳ್ಳು. ಯಾವುದು ಎಂಬುದನ್ನು ಗೊತ್ತುಮಾಡಿಕೊಳ್ಳುವುದಕ್ಕೆ ಕ್ರಮವಾದ ವಿಚಾರವು ಬೇಕು.

ವಿಚಾರಕ್ಕೆ ತೊಡಗುವ ಮೊದಲು ಒಂದು ಎಚ್ಚರಿಕೆ. ಬ್ರೇಕಿನ ಕೆಲಸವಾದ ಮೇಲೆ ನಡುಕ ಕಾಣಿಸಿಕೊಂಡರೆ ಪ್ರಯಾಣವನ್ನು ಮುಂದುವರಿಸಕೂಡದು. ನಿಧಾನವಾಗಿ ರಸ್ತೆಯ ಪಕ್ಕಕ್ಕೆ ಬಂದು, ಸುರಕ್ಷಿತವಾದ ಸ್ಥಳದಲ್ಲಿ ಗಾಡಿಯನ್ನು ನಿಲ್ಲಿಸಿ, ನಾಲ್ಕು ಚಕ್ರಗಳ ನಟ್ಟುಗಳನ್ನೂ ಸ್ಪ್ಯಾನರಿನಿಂದ ಪರೀಕ್ಷಿಸಬೇಕು. ಬಿಗಿಯಿಲ್ಲದ ನಟ್ಟುಗಳು ಮೊದಲು ನಡುಕವನ್ನು ತೋರಿಸಿ, ಅನಂತರ ಬೋಲ್ಟುಗಳನ್ನು ಸವೆಯಿಸಿ ಮುರಿದು, ಕೊನೆಗೆ ಚಕ್ರವನ್ನೇ ಕಳಚಿ ಬೀಳಿಸುವುವು. ಮಿಕ್ಕ ದೋಷಗಳಿಂದ ಹಣ ಹೋದೀತು. ಇದೊಂದರಿಂದ ಪ್ರಾಣ ಹೋದೀತು. ಆದುದರಿಂದ ಇದರ ಪರೀಕ್ಷೆ ಎಲ್ಲಕ್ಕೂ ಮೊದಲು. ನಟ್ಟು ಸಡಿಲವಾಗಿದ್ದರೆ, ಬ್ರೇಕಿನ ಪೆಡಲು ಕಾಲಿನ ಕೆಳಗೆ ಕುಸಿಯುತ್ತಿದ್ದರೆ, ಸುಟ್ಟ ವಾಸನೆ ಬರುತ್ತಿದ್ದರೆ, ಅಥವಾ ಟೈರಿನ ಪಕ್ಕದಲ್ಲಿ ಗುಳ್ಳೆ ಎದ್ದಿದ್ದರೆ ಗಾಡಿಯನ್ನು ಹೆದ್ದಾರಿಯಲ್ಲಿ ಓಡಿಸುವ ಮಾತೇ ಇಲ್ಲ.

ಇನ್ನು ವಿಚಾರ. ಕಾಗೆ ಬಂದು ತಾಳೆಯ ಮರದ ಮೇಲೆ ಕುಳಿತಿತು; ಅದೇ ಕ್ಷಣದಲ್ಲಿ ಹಣ್ಣು ಬಿದ್ದಿತು; ನೋಡಿದವನು ಕಾಗೆಯೇ ಹಣ್ಣನ್ನು ಬೀಳಿಸಿತೆಂದನು. ಇದಕ್ಕೆ ನಮ್ಮ ಹಿರಿಯರು ಕಾಕತಾಲೀಯ ನ್ಯಾಯವೆಂದು ಹೆಸರಿಟ್ಟರು. ಕಾರ್ಯಕ್ಕೆ ಮುಂಚೆ ನಡೆದುದೆಲ್ಲವೂ ಕಾರಣವಾಗಲಾರದು. ಊರೊಳಗೇ ಓಡಾಡುವ ಕಾರು ಗಂಟೆಗೆ 50 ಕಿಲೋಮೀಟರನ್ನು ದಾಟುವುದೇ ಅಪರೂಪ. ಹೆಚ್ಚಿನ ವೇಗದಲ್ಲಿ ಮಾತ್ರ ಕಾಣತಕ್ಕ ದೋಷವು ಅದರಲ್ಲಿ ತಿಂಗಳುಗಟ್ಟಲೆ ಅಡಗಿರಬಹುದು. ನಾವು ಬ್ರೇಕನ್ನು ರಿಪೇರಿ ಮಾಡಿಸುವುದಾದರೂ ಯಾವಾಗ? ದೂರದ ಪ್ರಯಾಣವಿದೆಯೆಂದೇ ಮಾಡಿಸುವೆವು. ರಿಪೇರಿಯೂ ಹೆದ್ದಾರಿಯ ಪ್ರಯಾಣವೂ ಹೀಗೆ ಒಂದರ ಬೆನ್ನಿಗೆ ಒಂದು ಬರುವುವು. ಅಡಗಿದ್ದ ಹಳೆಯ ದೋಷವು ಹೊರಬಿದ್ದರೆ ಹೊಸ ರಿಪೇರಿಯ ಮೇಲೆ ಅಪವಾದ ಬರುವುದು ಸಹಜ.

ಹಾಗೆಂದು ಬ್ರೇಕಿನ ಕೆಲಸಕ್ಕೂ ನಡುಕಕ್ಕೂ ಸಂಬಂಧವೇ ಇಲ್ಲವೆಂದು ತಳ್ಳಿಹಾಕುವುದೂ ಸರಿಯಲ್ಲ. ಸಂಬಂಧವು ಯಾವ ಬಗೆಯದೆಂದು ತಿಳಿಯಲು ಬ್ರೇಕಿನ ರಚನೆಯನ್ನು ಸ್ವಲ್ಪ ನೋಡೋಣ. ಹಳೆಯ ಅಂಬಾಸಡರ್ ಕಾರುಗಳಲ್ಲಿ ನಾಲ್ಕು ಚಕ್ರಗಳಿಗೂ ಡ್ರಮ್ ಬ್ರೇಕುಗಳಿದ್ದುವು. ಡೋಲಿನಂಥ ಎರಕದ ಕಬ್ಬಿಣದ ಪಾತ್ರೆಯ ಒಳಮೈಗೆ ಅರ್ಧಚಂದ್ರಾಕಾರದ ಎರಡು ಶೂಗಳು ಒತ್ತಿ ಗಾಡಿಯನ್ನು ನಿಲ್ಲಿಸುತ್ತಿದ್ದುವು. ಈಗಿನ ಕಾರುಗಳ ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕುಗಳಿವೆ. ಅನೇಕ ಚಿಕ್ಕ ಕಾರುಗಳಲ್ಲಿ ಹಿಂದಿನವು ಇನ್ನೂ ಡ್ರಮ್ಮುಗಳೇ. ಡಿಸ್ಕ್ ಬ್ರೇಕಿಗೆ ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ ಎಂಬ ಎಂಜಿನಿಯರನು 1902ರಲ್ಲಿಯೇ ಪೇಟೆಂಟು ಪಡೆದಿದ್ದನು. 1953ರಲ್ಲಿ ಫ್ರಾನ್ಸಿನ ಲ ಮಾನ್ ಪಂದ್ಯವನ್ನು ಈ ಬ್ರೇಕುಗಳಿದ್ದ ಜಾಗ್ವಾರ್ ಕಾರು ಗೆದ್ದ ಮೇಲೆ ಅದರ ಗುಣವು ಲೋಕಕ್ಕೆ ತಿಳಿಯಿತು. ಚಕ್ರದೊಡನೆ ತಿರುಗುವ ಒಂದು ಎರಕದ ಕಬ್ಬಿಣದ ತಟ್ಟೆ, ಅದೇ ಡಿಸ್ಕು. ಅದನ್ನು ಎರಡು ಕಡೆಯಿಂದಲೂ ಇಕ್ಕುಳದಂತೆ ಹಿಡಿಯುವುದು ಕ್ಯಾಲಿಪರು. ಹಿಡಿತದಲ್ಲಿ ತಟ್ಟೆಗೆ ತಗಲುವುವು ಪ್ಯಾಡುಗಳು. ಡಿಸ್ಕು ಕುಳಿತುಕೊಳ್ಳುವ ಪೀಠಕ್ಕೆ ಹಬ್ಬು ಎಂದು ಹೆಸರು. ಹಬ್ಬಿನ ಮೇಲೆ ಡಿಸ್ಕು, ಡಿಸ್ಕಿನ ಮೇಲೆ ಚಕ್ರ. ಮೂರನ್ನೂ ಒಟ್ಟುಗೂಡಿಸಿ ಹಿಡಿಯತಕ್ಕವು ನಾಲ್ಕೈದು ನಟ್ಟುಗಳು.

ಇಲ್ಲಿಯೇ ವಿಷಯದ ಮರ್ಮವಿದೆ. ಚಕ್ರವನ್ನು ಬಿಚ್ಚದೆ ಪ್ಯಾಡನ್ನು ಬದಲಾಯಿಸಲಾಗದು. ಎಂದಮೇಲೆ ಬ್ರೇಕಿನ ಕೆಲಸವೆಂಬುದು ಚಕ್ರದ ಕೆಲಸವೂ ಹೌದು. ರಿಪೇರಿಯ ತರುವಾಯ ಬಂದ ನಡುಕದಲ್ಲಿ ಬ್ರೇಕು ನಿರ್ದೋಷಿಯಾಗಿದ್ದು, ಬ್ರೇಕಿಗಾಗಿ ಬಿಚ್ಚಿ ಮತ್ತೆ ಜೋಡಿಸಿದ ಚಕ್ರವೇ ದೋಷಿಯಾಗಿರುವುದು ಬಹಳ ಸಾಮಾನ್ಯ.

ಚಕ್ರದ ಅಲ್ಪ ದೋಷವೂ ಹೆಚ್ಚಿನ ವೇಗದಲ್ಲಿ ಏಕೆ ದೊಡ್ಡದಾಗುವುದೆಂಬುದನ್ನು ಲೆಕ್ಕದಿಂದ ತಿಳಿಯಬಹುದು. ಚಿಕ್ಕ ಕಾರಿನ ಟೈರಿನ ಸುತ್ತಳತೆ ಸುಮಾರು 1.8 ಮೀಟರು. ಗಂಟೆಗೆ 90 ಕಿಲೋಮೀಟರಿನ ವೇಗವೆಂದರೆ ಸೆಕೆಂಡಿಗೆ 25 ಮೀಟರು. ಅಂದರೆ ಚಕ್ರವು ಸೆಕೆಂಡಿಗೆ ಸುಮಾರು 14 ಸಾರಿ ತಿರುಗುವುದು. 14 ಅಂಗುಲದ ರಿಮ್ಮಿನ ಅಂಚಿನಲ್ಲಿ ಒಂದು ಕಡೆ ಕೇವಲ 20 ಗ್ರಾಮು ಭಾರ ಹೆಚ್ಚಾಗಿದ್ದರೆ, ಆ ವೇಗದಲ್ಲಿ ಅದು ಎರಡೂವರೆ ಕಿಲೋಗ್ರಾಮಿಗಿಂತ ಹೆಚ್ಚಿನ ಬಲದಿಂದ ಚಕ್ರವನ್ನು ಹೊರಕ್ಕೆ ಜಗ್ಗುವುದು. ಸುತ್ತು ಸುತ್ತಿಗೂ ದಿಕ್ಕು ಬದಲಾಗುತ್ತ ಈ ಜಗ್ಗಾಟವು ಸೆಕೆಂಡಿಗೆ 14 ಸಾರಿ ನಡೆಯುವುದು. ಬಲವು ವೇಗದ ವರ್ಗಕ್ಕೆ ಅನುಗುಣವಾದುದರಿಂದ, ಗಂಟೆಗೆ 45 ಕಿಲೋಮೀಟರಿನಲ್ಲಿ ಅದು ನಾಲ್ಕನೆಯ ಒಂದು ಪಾಲು ಮಾತ್ರ; ಮುಕ್ಕಾಲು ಕಿಲೋವೂ ಇರದು. ಊರೊಳಗೆ ಏನೂ ತಿಳಿಯದಿರುವುದು ಇದರಿಂದಲೇ.

ಇದರ ಮೇಲೆ ಇನ್ನೊಂದು ಉಂಟು. ತೊಟ್ಟಿಲಿಗೆ ತನ್ನದೇ ಆದ ಒಂದು ತೂಗಾಟದ ಲಯವಿರುವಂತೆ, ಸ್ಪ್ರಿಂಗಿಗೂ ಟೈರಿಗೂ ನಡುವೆ ಇರುವ ಚಕ್ರಕ್ಕೂ ತನ್ನದೇ ಲಯವಿದೆ. ಅದು ಸಾಮಾನ್ಯವಾಗಿ ಸೆಕೆಂಡಿಗೆ 10ರಿಂದ 15 ಸಾರಿಯಷ್ಟು. ತೊಟ್ಟಿಲ ಲಯಕ್ಕೆ ಸರಿಯಾಗಿ ತಳ್ಳಿದರೆ ಬೆರಳ ತುದಿಯ ಬಲವೂ ಸಾಕಾಗುವುದಲ್ಲವೆ? ಹಾಗೆಯೇ ಚಕ್ರದ ಸುತ್ತುಗಳು ಆ ಲಯಕ್ಕೆ ಕೂಡಿಬಂದಾಗ ನಡುಕವು ಪ್ರಬಲವಾಗುವುದು. ಆದುದರಿಂದಲೇ ಅನೇಕ ಗಾಡಿಗಳಲ್ಲಿ 80ರಿಂದ 110ರ ನಡುವೆ ನಡುಕ ಹೆಚ್ಚಾಗಿ, ಅದನ್ನು ದಾಟಿದರೆ ಕಡಮೆಯಾದಂತೆ ಕಾಣುವುದು. ಕಡಮೆಯಾಯಿತೆಂದು ದೋಷವು ಹೋಯಿತೆಂದು ಭಾವಿಸಿ ಇನ್ನೂ ವೇಗವಾಗಿ ಓಡಿಸುವವರುಂಟು, ಅದು ಅವಿವೇಕ.

ಬಿಚ್ಚಿ ಜೋಡಿಸುವಾಗ ಚಕ್ರಕ್ಕೆ ಒದಗಬಹುದಾದ ದೋಷಗಳು ಇವು. ನಟ್ಟುಗಳನ್ನು ಒಂದರ ಪಕ್ಕದಲ್ಲಿ ಒಂದನ್ನು ಬಿಗಿಯುತ್ತ ಹೋದರೆ ಚಕ್ರವು ಒಂದು ಕಡೆಗೆ ವಾಲಿ ಕುಳಿತುಕೊಳ್ಳುವುದು. ಎದುರೆದುರಿನವನ್ನು ಸ್ವಲ್ಪ ಸ್ವಲ್ಪವಾಗಿ ಬಿಗಿಯತಕ್ಕದ್ದು ಕ್ರಮ. ಹಬ್ಬಿನ ಮುಖದ ಮೇಲೆ ತುಕ್ಕಿನ ಹೊಪ್ಪಳೆಯಿದ್ದು, ಅದನ್ನು ತಂತಿಯ ಬ್ರಶ್ಶಿನಿಂದ ಉಜ್ಜಿ ತೆಗೆಯದಿದ್ದರೆ, ಮೇಲೆ ಕುಳಿತ ಡಿಸ್ಕೂ ಚಕ್ರವೂ ಓರೆಯಾಗುವುವು. ರಿಮ್ಮಿಗೆ ಅಂಟಿಸಿದ್ದ ತೂಕದ ಚೂರುಗಳು ಕೆಲಸದ ಗಡಿಬಿಡಿಯಲ್ಲಿ ಉದುರಬಹುದು. ಹಿಂದಿನ ಚಕ್ರವು ಮುಂದಕ್ಕೆ ಬಂದಿರಬಹುದು. ಹಿಂದೆ ಇದ್ದಾಗ ಯಾರ ಗಮನಕ್ಕೂ ಬಾರದಿದ್ದ ಅದರ ಕುಂದು ಮುಂದೆ ಬಂದಾಗ ಸ್ಟೀರಿಂಗಿನ ಮೂಲಕ ಕೈಗೆ ತಿಳಿಯುವುದು. ಹೊರಗಿನ ಅಂಗಡಿಯಲ್ಲಿ ಕೊಂಡು ಹಾಕಿಸಿದ ಅಲಾಯ್ ರಿಮ್ಮುಗಳಾದರೆ, ಅವುಗಳ ನಡುವಿನ ರಂಧ್ರವನ್ನು ಹಬ್ಬಿಗೆ ಹೊಂದಿಸುವ ತೆಳುವಾದ ಬಳೆಯೊಂದಿರುವುದು. ಅದು ಕಳಚಿಹೋದರೆ ಚಕ್ರವು ಕೇಂದ್ರ ತಪ್ಪಿ ಕುಳಿತುಕೊಳ್ಳುವುದು. ಇವು ಯಾವುವೂ ಅಲ್ಲದೆ, ಮಳೆಗಾಲದಲ್ಲಿ ಮಲೆನಾಡಿನ ರಸ್ತೆಯ ಕೆಮ್ಮಣ್ಣು ರಿಮ್ಮಿನ ಒಳಗೆ ಮೆತ್ತಿ ಒಣಗಿದ್ದರೂ ಸಾಕು. ಒಂದು ಬಕೆಟ್ಟು ನೀರಿನಿಂದ ಆ ರೋಗವು ಗುಣವಾಗುವುದು.

ಇನ್ನು ನಿದಾನದ ಕ್ರಮ. ವೈದ್ಯನು ರೋಗಿಯನ್ನು ಪ್ರಶ್ನಿಸುವಂತೆ ಗಾಡಿಯ ವಿಷಯದಲ್ಲಿ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು: ಯಾವಾಗ? ಎಲ್ಲಿ? ಯಾವುದರೊಡನೆ?

ಯಾವಾಗ ಎಂಬುದು ಮೊದಲನೆಯದು. ಬ್ರೇಕನ್ನು ಒತ್ತದೆ ಸಮವಾದ ವೇಗದಲ್ಲಿ ಹೋಗುವಾಗಲೇ ನಡುಗುವುದೋ? ಹಾಗಾದರೆ ಸಂಶಯವು ಚಕ್ರದ ಮೇಲೆ. ಒತ್ತಿದಾಗ ಮಾತ್ರ ನಡುಗುವುದೋ? ಹಾಗಾದರೆ ಡಿಸ್ಕಿನ ಅಥವಾ ಡ್ರಮ್ಮಿನ ಮೇಲೆ. ಮೊದಲು ಚೆನ್ನಾಗಿದ್ದು, 20-30 ಕಿಲೋಮೀಟರು ಓಡಿದ ಮೇಲೆ ತೊಡಗುವುದೋ? ಹಾಗಾದರೆ ಯಾವುದೋ ಬ್ರೇಕು ಬಿಟ್ಟುಕೊಳ್ಳದೆ ಹಿಡಿದುಕೊಂಡು ಬಿಸಿಯಾಗುತ್ತಿರಬೇಕು.

ಎಲ್ಲಿ ಎಂಬುದು ಎರಡನೆಯದು. ಸ್ಟೀರಿಂಗಿನಲ್ಲಿ ನಡುಕವಾದರೆ ದೋಷವು ಹೆಚ್ಚಾಗಿ ಮುಂದಿನ ಚಕ್ರಗಳಲ್ಲಿ. ಸೀಟಿನಲ್ಲಿಯೂ ಕಾಲಡಿಯ ನೆಲದಲ್ಲಿಯೂ ಆದರೆ ಹಿಂದಿನವುಗಳಲ್ಲಿ. ಇದನ್ನು ಒಬ್ಬರೇ ತಿಳಿಯುವುದು ಕಷ್ಟ. ಮನೆಯಾಕೆಯು ಗಾಡಿಯನ್ನು ಓಡಿಸಲಿ. ಯಜಮಾನನು ಹಿಂದಿನ ಸೀಟಿನಲ್ಲಿ ಮಾತನಾಡದೆ ಕುಳಿತು ಗಮನಿಸಲಿ. ಮಾತನಾಡದೆ ಎಂಬುದು ಮುಖ್ಯ.

ಯಾವುದರೊಡನೆ ಎಂಬುದು ಮೂರನೆಯದು. ನಡುಕವು ಗಾಡಿಯ ವೇಗದೊಡನೆ ಹೆಚ್ಚು ಕಡಮೆಯಾಗುವುದೋ, ಎಂಜಿನ್ನಿನ ವೇಗದೊಡನೆಯೋ? ಅದೇ ವೇಗದಲ್ಲಿ ಗೇರನ್ನು ಬದಲಾಯಿಸಿದರೆ ಎಂಜಿನ್ನಿನ ಸುತ್ತುಗಳು ಬದಲಾಗುವುವು, ಚಕ್ರದ ಸುತ್ತುಗಳು ಬದಲಾಗವು. ಗೇರಿನೊಡನೆ ನಡುಕವೂ ಬದಲಾದರೆ ಎಂಜಿನ್ನನ್ನು ನೋಡಬೇಕು. ಆಕ್ಸಿಲರೇಟರನ್ನು ಒತ್ತಿದಾಗ ಹೆಚ್ಚಿ, ಕಾಲು ತೆಗೆದ ಕೂಡಲೆ ಅಡಗಿದರೆ ಚಕ್ರಕ್ಕೆ ಶಕ್ತಿಯನ್ನು ಒಯ್ಯುವ ಡ್ರೈವ್ ಶಾಫ್ಟಿನ ಕೀಲುಗಳನ್ನು ನೋಡಬೇಕು. ಎರಡೂ ಅಲ್ಲದೆ ಗಾಡಿಯ ವೇಗವನ್ನೇ ಹಿಂಬಾಲಿಸಿದರೆ ಚಕ್ರವೇ ಸರಿ.

ಒಂದಿದ್ದಾಗ ಮತ್ತೊಂದು ಇರುವುದು ಅನ್ವಯ. ಒಂದಿಲ್ಲದಾಗ ಮತ್ತೊಂದು ಇಲ್ಲದಿರುವುದು ವ್ಯತಿರೇಕ. ಎರಡೂ ಕೂಡಿದರೆ ಮಾತ್ರ ಕಾರಣವು ಸಿದ್ಧವಾಗುವುದು. ಪಾಠಶಾಲೆಯಲ್ಲಿ ಹೊಗೆಗೂ ಬೆಂಕಿಗೂ ಹೇಳಿಕೊಡುವ ಈ ನಿಯಮವು ಮೋಟಾರಿನ ಗ್ಯಾರೇಜಿನಲ್ಲಿಯೂ ಅಷ್ಟೇ ಸಲ್ಲುವುದು.

ನಮ್ಮ ಬೀದಿಯಲ್ಲಿ ನಡೆದ ಒಂದು ಸಂಗತಿಯನ್ನು ಇಲ್ಲಿ ಹೇಳಬಹುದು. ಗೃಹಸ್ಥರೊಬ್ಬರು ಮುಂದಿನ ಎರಡು ಚಕ್ರಗಳಿಗೂ ಹೊಸ ಡಿಸ್ಕು, ಹೊಸ ಪ್ಯಾಡುಗಳನ್ನು ಹಾಕಿಸಿದರು. ಕೆಲಸ ಮಾಡಿದವನು ಬೀದಿಯ ತಿರುವಿನಲ್ಲಿ ಚಿಕ್ಕ ಗ್ಯಾರೇಜನ್ನು ಇಟ್ಟುಕೊಂಡಿರುವ ಹುಡುಗ. ಹಿಂದೆ ನನ್ನ ತರಗತಿಯಲ್ಲಿ ಕುಳಿತಿದ್ದವನು. ವಾರದ ಮೇಲೆ ಅವರು ಮೈಸೂರಿಗೆ ಹೊರಟರು. 2023ರಲ್ಲಿ ತೆರೆದ ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ಗಂಟೆಗೆ 85 ಕಿಲೋಮೀಟರಿಗೆ ಬಂದಾಗ ಸ್ಟೀರಿಂಗು ನಡುಗತೊಡಗಿತು. ಮೆಲ್ಲಗೆ ಹೋಗಿ ಮೆಲ್ಲಗೆ ಬಂದರು. ಇನ್ನು ಹತ್ತು ದಿನಗಳಲ್ಲಿ ಏಳು ತಿಂಗಳ ಗರ್ಭಿಣಿಯಾದ ಮಗಳನ್ನು ಅದೇ ಗಾಡಿಯಲ್ಲಿ ಬಾಣಂತನಕ್ಕೆ ಕರೆತರಬೇಕಾಗಿತ್ತು. ಅವರಿಗೆ ಭಯವೂ ಕೋಪವೂ ಒಟ್ಟಿಗೆ ಉಂಟಾದುವು. “ಹಳೆಯ ಡಿಸ್ಕನ್ನೇ ಉಜ್ಜಿ ಹಾಕಿ ಹೊಸದರ ದುಡ್ಡು ತೆಗೆದುಕೊಂಡಿದ್ದಾನೆ” ಎಂದು ನಾಲ್ಕು ಮನೆಗಳಲ್ಲಿ ಹೇಳಿದರು. ಎರಡು ಮನೆಯವರು ತಮ್ಮ ಗಾಡಿಗಳನ್ನು ಬೇರೆ ಕಡೆಗೆ ಒಯ್ದರು. ಆ ಹುಡುಗನ ಗ್ಯಾರೇಜಿಗೆ ಬರುತ್ತಿದ್ದುದೇ ಹತ್ತು ಹದಿನೈದು ಮನೆಗಳ ಗಾಡಿಗಳು.

ಅವರು ನನ್ನಲ್ಲಿಗೂ ಬಂದು ದೂರಿದರು. “ರಾಯರೆ, ನೀವು ಕಂಡುದನ್ನು ಮಾತ್ರ ಒಂದು ಚೀಟಿಯಲ್ಲಿ ಬರೆಯಿರಿ, ಊಹಿಸಿದುದನ್ನು ಬರೆಯಬೇಡಿ” ಎಂದೆನು. ಬರೆಯುತ್ತ ಬರೆಯುತ್ತ ಅವರ ಕೋಪವು ಅರ್ಧಕ್ಕೆ ಇಳಿಯಿತು. ಚೀಟಿಯಲ್ಲಿದ್ದುದು ಇಷ್ಟು: 80ರವರೆಗೆ ಏನೂ ಇಲ್ಲ, 85ರಿಂದ ನಡುಕ, ಸ್ಟೀರಿಂಗಿನಲ್ಲಿ, ಸೀಟಿನಲ್ಲಿ ಅಲ್ಲ, 60ರಲ್ಲಿ ಬ್ರೇಕನ್ನು ಬಲವಾಗಿ ಒತ್ತಿದರೂ ಪೆಡಲು ಸಮವಾಗಿದೆ, ವಾಸನೆಯಿಲ್ಲ. ಇಬ್ಬರೂ ಗ್ಯಾರೇಜಿಗೆ ಹೋದೆವು. ಹುಡುಗನು ಚೀಟಿಯನ್ನು ಓದಿ, “ಸಾರ್, ಬ್ರೇಕ್ ಒತ್ತಿದರೆ ನಡುಗಲ್ಲ, ಒತ್ತದೇ ಇದ್ದಾಗಲೇ ನಡುಗುತ್ತೆ ಅಂತ ಬರೆದಿದ್ದಾರೆ. ಹಾಗಾದರೆ ಡಿಸ್ಕ್ ಅಲ್ಲ, ಚಕ್ರ ನೋಡಬೇಕು” ಎಂದು ಗಾಡಿಯನ್ನು ಜಾಕಿನ ಮೇಲೆ ಎತ್ತಿದನು. ನಟ್ಟುಗಳು ಬಿಗಿಯಾಗಿಯೇ ಇದ್ದುವು. ಎಡಗಡೆಯ ಮುಂದಿನ ಚಕ್ರವನ್ನು ಬಿಚ್ಚಿ ಒಳಮೈಯನ್ನು ನೋಡಿದರೆ, ಧೂಳು ಹಿಡಿದ ರಿಮ್ಮಿನಲ್ಲಿ ಬೆರಳುದ್ದದ ಒಂದು ಸ್ಥಳ ಮಾತ್ರ ಹೊಳೆಯುತ್ತಿತ್ತು. ಅಂಟಿನ ಗುರುತು ಇನ್ನೂ ಇತ್ತು. ಅಲ್ಲಿದ್ದ ತೂಕದ ಚೂರು ಬಿದ್ದುಹೋಗಿತ್ತು. ಟೈರಿನ ಅಂಗಡಿಯ ಯಂತ್ರದ ಮೇಲೆ ಇಟ್ಟು ತಿರುಗಿಸಿದಾಗ 35 ಗ್ರಾಮು ಕೊರತೆ ತೋರಿಸಿತು. ಮೇಲಿನ ಲೆಕ್ಕದಂತೆ 90ರ ವೇಗದಲ್ಲಿ ಅದು ಸುಮಾರು ನಾಲ್ಕೂವರೆ ಕಿಲೋ ಬಲದ ಜಗ್ಗಾಟ.

ಹುಡುಗನು ತಲೆ ತಗ್ಗಿಸಿ, “ಚಕ್ರ ಬಿಚ್ಚಿದಾಗ ಗೋಡೆಗೆ ಉರುಳಿಸಿ ಒರಗಿಸಿದ್ದೆ ಸಾರ್, ಆಗ ಉದುರಿರಬೇಕು. ಇದರ ದುಡ್ಡು ನಾನೇ ಕೊಡ್ತೀನಿ” ಎಂದನು. ಹಳೆಯ ಡಿಸ್ಕುಗಳು ಗ್ಯಾರೇಜಿನ ಮೂಲೆಯಲ್ಲಿಯೇ ಬಿದ್ದಿದ್ದುವು. ಅವನ್ನೂ ತಂದು ತೋರಿಸಿದನು. ನಮ್ಮ ನೆರೆಯವರು ಅವುಗಳನ್ನು ನೋಡಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಅಪರಾಧ ಬೇರೆ, ಪ್ರಮಾದ ಬೇರೆ. ಅವನಲ್ಲಿ ಕೈಯ ಪ್ರಮಾದವಿತ್ತು, ಮನಸ್ಸಿನ ಅಪರಾಧವಿರಲಿಲ್ಲ. ಅವರು ಆ ಸಂಜೆಯೇ ನಾಲ್ಕು ಮನೆಗಳಿಗೂ ಮತ್ತೆ ಹೋಗಿ, ಹೇಳಿದ್ದ ಮಾತನ್ನು ತಿದ್ದಿ ಹೇಳಿ ಬಂದರು. ಹೇಳಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳಲು ನಾಲ್ಕು ಬಾಗಿಲು ತಟ್ಟುವುದು ಎಲ್ಲರಿಂದ ಆಗುವ ಕೆಲಸವಲ್ಲ. ಮಗಳು ಗೊತ್ತಾದ ದಿನದಲ್ಲಿ ಅದೇ ಗಾಡಿಯಲ್ಲಿ ತವರಿಗೆ ಬಂದಳು.

ಎಲ್ಲ ಪ್ರಸಂಗಗಳಲ್ಲಿಯೂ ಡಿಸ್ಕು ನಿರ್ದೋಷಿಯೆಂದು ಇದರಿಂದ ತಿಳಿಯಕೂಡದು. ಬ್ರೇಕನ್ನು ಒತ್ತಿದಾಗ ಸ್ಟೀರಿಂಗೂ ಪೆಡಲೂ ಅದುರುತ್ತಿದ್ದರೆ ಡಿಸ್ಕಿನ ದಪ್ಪವು ಸುತ್ತಲೂ ಒಂದೇ ಸಮನಾಗಿಲ್ಲವೆಂದು ಅರ್ಥ. ಇದಕ್ಕೆ ಜನರು “ಡಿಸ್ಕು ಬೆಂಡಾಗಿದೆ” ಎಂದು ಹೇಳುವರು. ವಸ್ತುತಃ ಎರಕದ ಕಬ್ಬಿಣದ ತಟ್ಟೆಯು ಬಿಸಿಗೆ ಹಪ್ಪಳದಂತೆ ಬಾಗುವುದು ವಿರಳ. ಪ್ಯಾಡಿನ ಪದಾರ್ಥವು ಡಿಸ್ಕಿನ ಮೇಲೆ ಅಲ್ಲಲ್ಲಿ ಹೆಚ್ಚಾಗಿ ಮೆತ್ತಿಕೊಂಡಿರುವುದು, ಇಲ್ಲವೆ ಡಿಸ್ಕು ಅಲ್ಲಲ್ಲಿ ಹೆಚ್ಚಾಗಿ ಸವೆದಿರುವುದು, ಇವೇ ಸಾಮಾನ್ಯ ಕಾರಣಗಳು. ಒಂದು ಮಿಲಿಮೀಟರಿನ 50ನೆಯ ಒಂದು ಪಾಲಿನಷ್ಟು ವ್ಯತ್ಯಾಸವಾದರೂ ಕಾಲಿಗೆ ತಿಳಿಯುವುದು.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಹಬ್ಬಿನ ಮೇಲಿನ ತುಕ್ಕನ್ನು ಉಜ್ಜದೆ ಹೊಸ ಡಿಸ್ಕನ್ನು ಕೂರಿಸಿದರೆ, ಹಬ್ಬಿನ ಬಳಿ ಕೂದಲೆಳೆಯಷ್ಟಿದ್ದ ಓರೆಯು ಡಿಸ್ಕಿನ ಹೊರ ಅಂಚಿಗೆ ಬರುವಾಗ ಸುಮಾರು ಎರಡರಷ್ಟಾಗುವುದು. ಮೊದಲ ದಿನ ಬ್ರೇಕು ಚೆನ್ನಾಗಿಯೇ ಹಿಡಿಯುವುದು; ಏಕೆಂದರೆ ದಪ್ಪವು ಇನ್ನೂ ಸಮವಾಗಿಯೇ ಇದೆ. ಆದರೆ ಓರೆಯಾದ ಡಿಸ್ಕು ಸುತ್ತು ಸುತ್ತಿಗೂ ಒಂದೇ ಸ್ಥಳದಲ್ಲಿ ಪ್ಯಾಡನ್ನು ಸವರುತ್ತ ಹೋಗಿ, ಕೆಲವು ಸಾವಿರ ಕಿಲೋಮೀಟರುಗಳ ಮೇಲೆ ಅಲ್ಲಿ ತೆಳುವಾಗುವುದು. ಆಗ ಅದಿರತೊಡಗುವುದು. ಅಷ್ಟು ಹೊತ್ತಿಗೆ ರಿಪೇರಿ ನಡೆದುದು ಎಲ್ಲರಿಗೂ ಮರೆತಿರುವುದು. ಮಾರನೆಯ ದಿನದ ನಡುಕಕ್ಕೆ ಡಿಸ್ಕನ್ನು ದೂರುವೆವು, ಅದು ಅಲ್ಲ. ಆರು ತಿಂಗಳ ಮೇಲಣ ನಡುಕಕ್ಕೆ ದೂರುವುದಿಲ್ಲ, ಅದು ಹೌದು. ಆದುದರಿಂದ ಡಿಸ್ಕನ್ನು ಹಾಕಿಸುವ ದಿನವೇ, “ಹಬ್ಬಿನ ಮುಖವನ್ನು ಉಜ್ಜಿದಿರಾ?” ಎಂದು ಕೇಳುವುದು ಜಾಣತನ. ಡಿಸ್ಕಿನ ಓರೆಯನ್ನು ಅಳೆಯಲು ಡಯಲ್ ಗೇಜು ಎಂಬ ಉಪಕರಣವಿದೆ. ತಯಾರಕರು ಒಪ್ಪುವ ಓರೆಯು ಸಾಮಾನ್ಯವಾಗಿ ಒಂದು ಮಿಲಿಮೀಟರಿನ 10ನೆಯ ಒಂದು ಪಾಲನ್ನು ಮೀರದು.

ಹೊಸ ಪ್ಯಾಡುಗಳನ್ನು ಪಳಗಿಸುವುದೂ ಅವಶ್ಯಕ. ಮೊದಲ ಇನ್ನೂರು ಮುನ್ನೂರು ಕಿಲೋಮೀಟರು ಬ್ರೇಕನ್ನು ಮೃದುವಾಗಿ, ಮುಂಚಿತವಾಗಿ ಒತ್ತುತ್ತ ಹೋಗಬೇಕು. ಘಾಟಿಯ ಇಳಿತದಲ್ಲಿ ಡಿಸ್ಕುಗಳು ಕೆಂಡದಂತೆ ಕಾದಿರುವಾಗ ಗಾಡಿಯನ್ನು ನಿಲ್ಲಿಸಿ ಪೆಡಲನ್ನು ಒತ್ತಿಯೇ ಹಿಡಿದುಕೊಂಡಿದ್ದರೆ, ಪ್ಯಾಡಿನ ಅಚ್ಚು ಡಿಸ್ಕಿನ ಮೇಲೆ ಬಿದ್ದು ಅದುರುವಿಕೆಗೆ ಬೀಜವಾಗುವುದು. ಇಳಿತದಲ್ಲಿ ಚಿಕ್ಕ ಗೇರನ್ನು ಹಾಕಿ ಬ್ರೇಕಿಗೆ ವಿಶ್ರಾಂತಿ ಕೊಡಬೇಕೆಂಬ ಹಳೆಯ ಡ್ರೈವರುಗಳ ಮಾತು ಇಂದಿಗೂ ಸತ್ಯ. ಇನ್ನೊಂದು ವಿಷಯ: ಏಬಿಎಸ್ ಎಂಬ ಏರ್ಪಾಡಿರುವ ಕಾರುಗಳಲ್ಲಿ ಬಹಳ ಬಲವಾಗಿ ಒತ್ತಿದಾಗ ಪೆಡಲು ಟಕಟಕನೆ ಮಿಡಿಯುವುದು. ಅದು ದೋಷವಲ್ಲ, ಚಕ್ರಗಳು ಜಾರದಂತೆ ಆ ಏರ್ಪಾಡು ತನ್ನ ಕೆಲಸವನ್ನು ಮಾಡುತ್ತಿರುವ ಗುರುತು.

ಹಿಡಿದುಕೊಂಡ ಬ್ರೇಕಿನ ಲಕ್ಷಣಗಳು ಬೇರೆ. ಕ್ಯಾಲಿಪರು ಜಾರಾಡುವ ಸರಳುಗಳು ಒಣಗಿ ಅಂಟಿಕೊಂಡರೆ, ಪೆಡಲನ್ನು ಬಿಟ್ಟರೂ ಪ್ಯಾಡು ಡಿಸ್ಕನ್ನು ಬಿಡದು. ಗಾಡಿಯು ಒಂದು ಕಡೆಗೆ ಎಳೆಯುವುದು; ಪೆಟ್ರೋಲು ಹೆಚ್ಚು ಸುಡುವುದು; ನಿಲ್ಲಿಸಿ ನೋಡಿದರೆ ಒಂದು ಚಕ್ರವು ಮಿಕ್ಕವುಗಳಿಗಿಂತ ಬಹಳ ಬಿಸಿಯಾಗಿರುವುದು. ಅಂಗೈಯನ್ನು ಹತ್ತಿರ ಹಿಡಿದು ಶಾಖವನ್ನು ತಿಳಿಯಬೇಕೇ ಹೊರತು ಮುಟ್ಟಬಾರದು. ಬಿಸಿಯಾದ ಡಿಸ್ಕಿನ ಮೇಲೆ ನೀರನ್ನೂ ಸುರಿಯಬಾರದು.

ಇನ್ನು ಏನೇನನ್ನು ಯಾವ ಕ್ರಮದಲ್ಲಿ ಮಾಡಿಸಬೇಕೆಂಬುದನ್ನು ಹೇಳುವೆನು. ಖರ್ಚಿಲ್ಲದುದು ಮೊದಲು, ಖರ್ಚಿನದು ಕೊನೆಗೆ. ನಟ್ಟುಗಳ ಪರೀಕ್ಷೆಯಾದ ಮೇಲೆ ರಿಮ್ಮುಗಳ ಒಳಮೈಯನ್ನು ತೊಳೆಯಿರಿ. ಟೈರುಗಳು ತಣ್ಣಗಿರುವಾಗ ಗಾಳಿಯನ್ನು ಅಳೆಯಿಸಿರಿ. ಟೈರಿನ ಸುತ್ತಲೂ ಕೈಯಾಡಿಸಿ ಗುಳ್ಳೆ, ಸೀಳು, ಏರಿಳಿತಗಳನ್ನು ನೋಡಿರಿ. ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಗಳಿಂದ ಅದರ ವಯಸ್ಸನ್ನೂ ತಿಳಿಯಬಹುದು. 2321 ಎಂದಿದ್ದರೆ 2021ನೆಯ ವರ್ಷದ 23ನೆಯ ವಾರದಲ್ಲಿ ತಯಾರಾದುದೆಂದು ಅರ್ಥ. ಅನಂತರ ನಟ್ಟುಗಳನ್ನು ಟಾರ್ಕ್ ರೆಂಚಿನಿಂದ ಗೊತ್ತಾದ ಬಿಗಿಗೆ ತರಿಸಿರಿ. ಚಿಕ್ಕ ಕಾರುಗಳಿಗೆ ಅದು ಸಾಮಾನ್ಯವಾಗಿ 100 ನ್ಯೂಟನ್ ಮೀಟರಿನ ಆಸುಪಾಸಿನಲ್ಲಿರುವುದು. ಅಂದರೆ ಒಂದು ಮೀಟರು ಉದ್ದದ ಹಿಡಿಯ ತುದಿಯಲ್ಲಿ ಸುಮಾರು 10 ಕಿಲೋ ಭಾರವನ್ನು ತೂಗುಹಾಕಿದಷ್ಟು. ನಿಮ್ಮ ಗಾಡಿಯ ಅಂಕಿಯು ಅದರೊಡನೆ ಬಂದ ಪುಸ್ತಕದಲ್ಲಿದೆ. ಸ್ಪ್ಯಾನರಿನ ಮೇಲೆ ನಿಂತು ತುಳಿಯುವುದು ಬಿಗಿಯುವ ಕ್ರಮವಲ್ಲ. 50ರಿಂದ 100 ಕಿಲೋಮೀಟರು ಓಡಿದ ಮೇಲೆ ಮತ್ತೊಮ್ಮೆ ಪರೀಕ್ಷಿಸತಕ್ಕದ್ದು.

ಇಷ್ಟರಿಂದಲೂ ಹೋಗದಿದ್ದರೆ ನಾಲ್ಕು ಚಕ್ರಗಳಿಗೂ ಬ್ಯಾಲೆನ್ಸಿಂಗ್ ಮಾಡಿಸಿರಿ. ಅದರಿಂದಲೂ ಹೋಗದಿದ್ದರೆ ಮುಂದಿನ ಚಕ್ರಗಳನ್ನು ಅದೇ ಪಕ್ಕದ ಹಿಂದಿನ ಚಕ್ರಗಳೊಡನೆ ಅದಲುಬದಲು ಮಾಡಿಸಿರಿ. ನಡುಕವು ಸ್ಟೀರಿಂಗನ್ನು ಬಿಟ್ಟು ಸೀಟಿಗೆ ಹೋದರೆ, ದೋಷವು ಚಕ್ರದೊಡನೆ ಪ್ರಯಾಣ ಮಾಡಿತೆಂದು ಸಿದ್ಧವಾಯಿತು. ರಿಮ್ಮನ್ನೋ ಟೈರನ್ನೋ ನೋಡಬೇಕು. ಸ್ಟೀರಿಂಗಿನಲ್ಲಿಯೇ ಉಳಿದರೆ ಹಬ್ಬು, ಡಿಸ್ಕು, ಬೇರಿಂಗು, ಕೀಲುಗಳನ್ನು ನೋಡಬೇಕು. ಅನ್ವಯ ವ್ಯತಿರೇಕಗಳಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕದು. ಆದರೆ ಒಂದು ಸಾರಿಗೆ ಒಂದೇ ಬದಲಾವಣೆ. ನಾಲ್ಕನ್ನು ಒಟ್ಟಿಗೆ ಮಾಡಿಸಿದರೆ ಯಾವುದರಿಂದ ಗುಣವಾಯಿತೆಂದು ಯಾರಿಗೂ ತಿಳಿಯದು. ಅನೇಕರು ನಡುಕವೆಂದ ಕೂಡಲೆ ಅಲೈನ್‌ಮೆಂಟಿಗೆ ಓಡುವರು. ಅಲೈನ್‌ಮೆಂಟು ತಪ್ಪಿದರೆ ಗಾಡಿಯು ಪಕ್ಕಕ್ಕೆ ಎಳೆಯುವುದು, ಟೈರು ಒಂದು ಅಂಚಿನಲ್ಲಿ ಸವೆಯುವುದು. ಅದರಿಂದಲೇ ನಡುಕ ಬರುವುದು ಅಪರೂಪ.

ಪರೀಕ್ಷೆಗಾಗಿ ಗಾಡಿಯನ್ನು ಓಡಿಸುವುದು ಹಗಲಿನಲ್ಲಿ, ಒಣಗಿದ ರಸ್ತೆಯಲ್ಲಿ, ಜನವಾಹನಗಳು ವಿರಳವಾಗಿರುವಾಗ, ಕಾನೂನು ಒಪ್ಪುವ ವೇಗದೊಳಗೆ ಮಾತ್ರ. ಮಕ್ಕಳನ್ನು ಕೂರಿಸಿಕೊಂಡು ಪರೀಕ್ಷೆ ಮಾಡಕೂಡದು.

ಕಡೆಯದಾಗಿ, ಮೆಕ್ಯಾನಿಕ್ಕಿನೊಡನೆ ಮಾತನಾಡುವ ವಿಷಯ. ವೈದ್ಯನಲ್ಲಿಗೆ ಹೋಗಿ ಔಷಧದ ಹೆಸರನ್ನು ನಾವೇ ಹೇಳುವುದಿಲ್ಲ. ನೋವು ಎಲ್ಲಿ, ಯಾವಾಗ ಎಂದು ಹೇಳುವೆವು. ಗ್ಯಾರೇಜಿನಲ್ಲಿ ಮಾತ್ರ “ಡಿಸ್ಕ್ ಬದಲಾಯಿಸು” ಎಂದು ಅಪ್ಪಣೆ ಕೊಡುವೆವು. ಅವನು ಬದಲಾಯಿಸುವನು, ಹಣವನ್ನೂ ತೆಗೆದುಕೊಳ್ಳುವನು, ನಡುಕವು ಉಳಿಯುವುದು, ತಪ್ಪು ಯಾರದು? ಲಕ್ಷಣಗಳನ್ನು ಹೇಳಿ ನಿದಾನವನ್ನು ಅವನಿಗೆ ಬಿಡುವುದು ಮೇಲು. ಬದಲಾಯಿಸಿದ ಹಳೆಯ ಭಾಗಗಳನ್ನು ಕೇಳಿ ನೋಡುವುದು ಅಪನಂಬಿಕೆಯಲ್ಲ, ವ್ಯವಹಾರದ ಶುದ್ಧಿ. ಒಳ್ಳೆಯ ಕೆಲಸಗಾರನಿಗೆ ಅದರಿಂದ ಸಂತೋಷವೇ.

ನಿಧಾನವೇ ಪ್ರಧಾನ ಎಂಬ ಗಾದೆಯನ್ನು ರಸ್ತೆಯ ಪಕ್ಕದ ಫಲಕಗಳಲ್ಲಿ ವಾಚಕರೆಲ್ಲರೂ ಓದಿರುವರು. ಅಲ್ಲಿಯದು ಮಹಾಪ್ರಾಣದ ಧಕಾರ. ಮೆಲ್ಲಗೆ ಹೋಗು ಎಂದು ಅರ್ಥ. ಆಯುರ್ವೇದದ ನಿದಾನವು ಅಲ್ಪಪ್ರಾಣದ ದಕಾರದ್ದು; ರೋಗದ ಮೂಲವನ್ನು ಅರಿ ಎಂದು ಅರ್ಥ. ನಡುಗುವ ಗಾಡಿಗೆ ಎರಡೂ ಬೇಕು. ಒಂದು ಚಿಕ್ಕ ಪುಸ್ತಕವನ್ನೂ ಪೆನ್ಸಿಲನ್ನೂ ಕಾರಿನಲ್ಲಿಯೇ ಇಟ್ಟಿರಿ. ಯಾವ ದಿನ, ಎಷ್ಟನೆಯ ಕಿಲೋಮೀಟರಿನಲ್ಲಿ, ಯಾವ ಕೆಲಸವನ್ನು ಮಾಡಿಸಿದಿರೆಂದು ಅದರಲ್ಲಿ ಬರೆಯಿರಿ. ಮುಂದೆ ಗಾಡಿಯು ಮತ್ತೆ ನಡುಗಿದರೆ ಕಾಗೆಯದೋ ಹಣ್ಣಿನದೋ ಎಂಬ ವಿವಾದವನ್ನು ಆ ಪುಸ್ತಕವೇ ತೀರಿಸುವುದು.